ಚಿಂತಾಮಣಿ ರಸ್ತೆಯ ಜಪಾನ್ ಷೆಡ್ಡು

ನನಗೆ ಕಚಗುಳಿ ಜಾಸ್ತಿ. ಒಂದು ರೇಷ್ಮೆ ಕಂಪನಿಯ ಅಳಿವು ಉಳಿವಿಗೂ ಅದಕ್ಕೂ ಸಂಬಂಧವಿದ್ದೀತು ಎಂದು ಅರವತ್ತರ ದಶಕದ ಆ ವರ್ಷದವರೆಗೆ ನನಗೆ ಹೊಳೆದಿರಲಿಲ್ಲ. ಹೊಳೆಯದೆ ತಪ್ಪಿಸಿಕೊಂಡ ಚಿಂತೆಗಳು ನನ್ನ ಬದುಕಿನಲ್ಲಿ ಬಹಳ ಕಡಿಮೆ. ಹುಟ್ಟಿದ್ದು ಚಿಂತಾಮಣಿಯಲ್ಲಿ. ಮಣಿ ಬೇರೆ ಯಾರಿಗೋ ಹೋಯಿತು, ಊರಿನ ಹೆಸರಿನ ಮೊದಲರ್ಧ ಮಾತ್ರ ನಿಮ್ಮ ಪಾಲಿಗೆ ಬಂತು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಕಂಪನಿಯ ಕಚೇರಿ ಬೆಂಗಳೂರಿನಲ್ಲಿ, ನೂಲು ಬಿಚ್ಚುವ ಮನೆ ಶಿಡ್ಲಘಟ್ಟದಲ್ಲಿ. ಅಲ್ಲಿ ಉದ್ದಕ್ಕೆ ಒಲೆಗಳ ಸಾಲು, ಒಲೆಯ ಮೇಲೆ ಕುದಿನೀರಿನ ಬಾಣಲೆ, ನೀರಿನಲ್ಲಿ ತೇಲುವ ರೇಷ್ಮೆಗೂಡು, ಒಂದೊಂದು ಬಾಣಲೆಯ ಮುಂದೆ ಒಬ್ಬೊಬ್ಬ ಹೆಂಗಸು. ಗೂಡು ಹದವಾಗಿ ಬೆಂದಾಗ ಎಳೆಯ ತುದಿ ಬಿಟ್ಟುಕೊಡುತ್ತದೆ. ಅಂಥ ಕೆಲವು ಎಳೆಗಳನ್ನು ಕೂಡಿಸಿ ಚಕ್ರಕ್ಕೆ ಏರಿಸಿದರೆ ಅದೇ ನೂಲು. ಒಳಗಿನ ಹುಳು ಬೆಂದ ವಾಸನೆ ಮಾತ್ರ ನೂಲಿನ ಜೊತೆ ಹೋಗುವುದಿಲ್ಲ; ಅದು ಬಟ್ಟೆಗೆ, ಕೂದಲಿಗೆ, ಕೊನೆಗೆ ಕನಸಿಗೆ ಹತ್ತಿಕೊಳ್ಳುತ್ತದೆ.

ಒಂದು ಬೆಳಿಗ್ಗೆ ನಮ್ಮ ಮುಖ್ಯಾಧಿಕಾರಿ ಕರೆದು, "ನೀವು ಹೇಗೂ ಯೋಚನೆ ಮಾಡ್ತಾನೇ ಇರ್ತೀರಿ. ಸ್ವಲ್ಪ ದಿನ ಅದನ್ನ ಕಂಪನಿ ಖರ್ಚಲ್ಲಿ ಮಾಡಿ" ಎಂದರು.

ಕೆಲಸ ಇಷ್ಟು. ನಮ್ಮ ಸೀಮೆಯಲ್ಲಿ ಮುಂದೆ ಗೂಡು ಸಿಗುತ್ತದೆಯೇ, ಹೊರದೇಶದಲ್ಲಿ ನಮ್ಮ ನೂಲಿಗೆ ಜಾಗವಿದೆಯೇ, ಎರಡನ್ನೂ ವಿಚಾರಿಸಿ ವರದಿ ಬರೆಯಬೇಕು. "ಎರಡಕ್ಕೂ ಹೌದು ಅಂದ್ರೆ ಶಿಡ್ಲಘಟ್ಟದ ಒಲೆ ಉರೀಲಿ. ಒಂದಕ್ಕೆ ಇಲ್ಲ ಅಂದ್ರೂ ಆರಿಸಿಬಿಡೋಣ. ಕೃತಕ ರೇಷ್ಮೆ ಇದೆ, ಅದಕ್ಕೆ ಹುಳಾನೂ ಬೇಡ, ಒಲೇನೂ ಬೇಡ."

ಹೆಂಗಸರೂ ಬೇಡ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸ್ಥಳೀಯ ಪರಿಸ್ಥಿತಿಯಿಂದ ಶುರುಮಾಡಿದೆ. ಗೂಡು ಎಷ್ಟು ಬರುತ್ತದೆ ಎಂಬುದನ್ನು ಅವರಿವರ ಬಾಯಿಂದ ಕೇಳುವುದಕ್ಕಿಂತ ನಾವೇ ಒಂದು ಖರೀದಿ ಕೇಂದ್ರ ತೆರೆದು ತೂಗಿ ನೋಡುವುದು ವಾಸಿ ಎಂದು ನನ್ನ ಲೆಕ್ಕ. ಶಿಡ್ಲಘಟ್ಟ ದಾಟಿ ಚಿಂತಾಮಣಿ ರಸ್ತೆಯಲ್ಲಿ, ಹಿಪ್ಪುನೇರಳೆ ತೋಟಗಳ ಪಕ್ಕ, ಹೆಂಚಿನ ಉದ್ದನೆಯ ಕಟ್ಟಡವೊಂದು ಖಾಲಿ ಬಿದ್ದಿತ್ತು. ತೋರಿಸಿದ ದಲ್ಲಾಳಿ ನನ್ನ ಮುಖ ನೋಡದೆ ಎತ್ತಲೋ ನೋಡುತ್ತ, "ಇದು ಜಪಾನ್ ಷೆಡ್ಡು ಸಾರ್. ಬೇಕಾದ್ರೆ ತಗೊಳಿ" ಎಂದ. ಹಿಂದೆ ಜಪಾನಿನ ಯಂತ್ರವೇನಾದರೂ ಇಲ್ಲಿ ಇದ್ದಿರಬೇಕು ಅಂದುಕೊಂಡೆ. ಒಳ್ಳೆಯ ಶಕುನ ಎಂದೂ ಅಂದುಕೊಂಡೆ. ಒಳಗೆ ಯಂತ್ರದ ಗುರುತು ಇರಲಿಲ್ಲ. ಮೂಲೆಯಲ್ಲಿ ಒಂದು ಒಲೆ, ಒಡೆದ ಬಾಣಲೆ, ಹಳೆಯ ಕಾಲದ ಮರದ ಚಕ್ರ ಇದ್ದವು. ಚಕ್ರದ ಹಿಡಿ ಸವೆದು ನುಣುಪಾಗಿತ್ತು.

ಆಗ ನಮ್ಮ ಕಡೆ ಗೂಡಿನ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೂಡಿಸುತ್ತಾರೆ, ಮೇಲೆ ಒಂದು ಟವೆಲ್ ಹೊದಿಸುತ್ತಾರೆ. ಮೇಲೆ ಮುಖಗಳು ಮಳೆ ಬೆಳೆ ಮಾತಾಡುತ್ತಿರುತ್ತವೆ. ಕೆಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ವ್ಯಾಪಾರ ನಡೆಯುತ್ತಿರುತ್ತದೆ. ಪಕ್ಕದವನಿಗೆ ಗುಟ್ಟು ತಿಳಿಯಬಾರದು. ಮೊದಲ ದಿನ ಬಂದ ಮುದುಕರೊಬ್ಬರು ಟವೆಲ್ಲಿನ ಕೆಳಗೆ ನನ್ನ ಅಂಗೈಗೆ ಬೆರಳಿಟ್ಟರು. ನಾನು ಕಿಸಕ್ಕನೆ ನಕ್ಕೆ. ತಡೆದುಕೊಳ್ಳಲು ನೋಡಿದಷ್ಟೂ ನಗು ಜಾಸ್ತಿಯಾಯಿತು.

"ಬೆಲೆ ಕೇಳಿದ್ರೆ ನಗ್ತಾವ್ನಲ್ಲಪ್ಪ ಈ ಯಪ್ಪ!" ಎಂದು ಮುದುಕರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಗೂಡಿನ ಬುಟ್ಟಿ ಎತ್ತಿಸಿಕೊಂಡು ಹೊರಟೇಹೋದರು.

ಮಾರನೆಯ ದಿನ ನಾನು ಆಧುನಿಕನಾದೆ. ಬಾಗಿಲಿಗೆ ಕರಿಹಲಗೆ ತೂಗುಹಾಕಿ ಆ ದಿನದ ಬೆಲೆಯನ್ನು ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ. ಪಾರದರ್ಶಕ ವ್ಯವಹಾರ. ರಸ್ತೆಯಲ್ಲಿ ಗಾಡಿಗಳು ಬಂದವು, ಹಲಗೆ ನೋಡಿದವು, ಮುಂದೆ ಹೋದವು. ಕಾಯುತ್ತ ಕುಳಿತೆ. ವಾರಗಟ್ಟಲೆ ಕುಳಿತೆ. ತಕ್ಕಡಿಯ ಉಸ್ತುವಾರಿಗೆ ಇಟ್ಟುಕೊಂಡಿದ್ದವನು ಮೀಸೆ ನರೆತ ಆಳು, ಸಂಜೆಯ ಕೆಂಪು ಹತ್ತುವ ಮೊದಲೇ ಚಪ್ಪಲಿ ಮೆಟ್ಟುತ್ತಿದ್ದ.

"ಇಷ್ಟು ಬೇಗ ಎಲ್ಲಿಗಯ್ಯಾ?"

"ದೀಪ ಹಚ್ಚೋ ಹೊತ್ಗೆ ಮನೇಲಿರ್ಬೇಕು ಸಾರ್. ನಮ್ಮಮ್ಮ ಬೈತಾಳೆ."

"ನಿನಗೆ ಮೊಮ್ಮಕ್ಕಳಿದಾರಲ್ಲೋ!"

"ಅವಕ್ಕೂ ಬೈತಾಳೆ ಸಾರ್."

ಅವನು ಹೋದ ಮೇಲೆ ನಾನು ಬಾಗಿಲ ಬಳಿ ಕುಳಿತು ಆ ದಿನದ ಸೊನ್ನೆಯನ್ನು ಬರೆದುಕೊಳ್ಳುತ್ತಿದ್ದೆ. ಅಂಥ ಒಂದು ಮುಸ್ಸಂಜೆ ಹಿಂದಿನಿಂದ ಸದ್ದು ಬಂತು. ಗಿರ್ರ್ ಎಂದು ಮರ ತಿರುಗುವ ಸದ್ದು, ಸಣ್ಣಗೆ, ದೂರದ ಬಾವಿಯ ರಾಟೆಯ ಹಾಗೆ. ಆಮೇಲೆ ಲೋಹಕ್ಕೆ ಕಡ್ಡಿ ಬಡಿದಂತೆ ಟಕ್. ಟಕ್ ಎಂದೊಡನೆ ಗಿರ್ರ್ ನಿಂತಿತು. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಗಿರ್ರ್.

ತಿರುಗಿ ನೋಡಿದೆ. ಚಕ್ರ ಸುಮ್ಮನೆ ನಿಂತಿತ್ತು. ಇಲಿ ಇರಬೇಕು, ಹೆಂಚು ಇರಬೇಕು, ಪಕ್ಕದ ತೋಟದ ಏತ ಇರಬೇಕು. ಚಿಂತೆಯಲ್ಲಿ ಅನುಭವವಿರುವ ಮನುಷ್ಯ ನಾನು, ಕಾರಣಗಳಿಗೆ ಬರವಿಲ್ಲ. ಒಂದೊಂದೇ ಕಾರಣವನ್ನು ಸಾಲಾಗಿ ಜೋಡಿಸುತ್ತ ನಡೆದೆ, ಸ್ವಲ್ಪ ಬೇಗಬೇಗನೇ ನಡೆದೆ. ಆಮೇಲೆ ಎಷ್ಟೋ ಸಂಜೆ ಅದು ಕೇಳಿಸಿತು. ಏತಕ್ಕಾದರೆ ಟಕ್ ಎಂದಾಗ ನಿಲ್ಲುವ ವಿಧೇಯತೆ ಎಲ್ಲಿಂದ ಬರಬೇಕು ಎಂದು ಹಾಸಿಗೆಯಲ್ಲಿ ಹೊರಳಾಡಿದೆ.

ಕೇಂದ್ರಕ್ಕೆ ಗೂಡು ಬರದಿದ್ದರೆ ಕಾರಣವನ್ನು ಹುಡುಕಿಕೊಂಡು ನಾನೇ ಹೋಗಬೇಕಾಯಿತು. ಶಿಡ್ಲಘಟ್ಟದಿಂದ ಸಣ್ಣ ರೈಲಿನಲ್ಲಿ ಚಿಕ್ಕಬಳ್ಳಾಪುರ. ಅಲ್ಲಿ ಸ್ಕಂದಗಿರಿಯ ಕೆಳಗಿನ ಹಳ್ಳಿಗಳಲ್ಲಿ ಮೋಡ ಬೆಟ್ಟದಿಂದ ಇಳಿದು ಹುಳುಮನೆಗಳ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಬಸ್ಸಿನಲ್ಲಿ ಗೌರಿಬಿದನೂರು, ಮುಂದೆ ನಗರಗೆರೆ. ಎಲ್ಲ ಕಡೆ ಒಂದೇ ಪ್ರಶ್ನೆ: ಈಚೆಗೆ ಗೂಡು ಯಾಕೆ ಕಮ್ಮಿ? ಎಲ್ಲ ಕಡೆ ಒಂದೇ ಉತ್ತರ.

ಚಿಕ್ಕಬಳ್ಳಾಪುರದ ಕಡೆಯ ರೈತರೊಬ್ಬರು, "ಹುಳ ನಾಲ್ಕನೇ ಜ್ವರ ಎದ್ದು ಚೆನ್ನಾಗೇ ಮೇಯ್ತಿತ್ತು ಸಾರ್. ಆಮೇಲೆ ಜಪಾನ್ ಬಂತು" ಎಂದರು. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ನಿದ್ದೆ, ರೋಗವಲ್ಲ. ಇಷ್ಟು ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ಮುಳುವಾಯಿತು. ಇವರ ಭಾಷೆ ನನಗೆ ಬರುತ್ತದೆ ಎಂಬ ಧೈರ್ಯ ಬಂದುಬಿಟ್ಟಿತು.

ನಗರಗೆರೆಯಲ್ಲಿ ಹಿಪ್ಪುನೇರಳೆ ಕಿತ್ತು ಕಡಲೆಕಾಯಿ ಹಾಕಿದ್ದ ಹೆಂಗಸೊಬ್ಬರು ತೆಲುಗಿನಲ್ಲೇ ಹೇಳಿದರು: "ಜಪಾನೊಚ್ಚಿಂದಿ ಸಾರ್. ಏಮ್ ಚೇಸ್ತಾಂ?" ಜಪಾನ್ ಬಂತು, ಏನು ಮಾಡೋಣ.

ಅಲ್ಲಿಗೆ ಸ್ಥಳೀಯ ಭಾಗ ಮುಗಿಯಿತು ಎಂದುಕೊಂಡು ಬೆಂಗಳೂರಿಗೆ ಹೋಗಿ ಅಂತರರಾಷ್ಟ್ರೀಯ ಭಾಗಕ್ಕೆ ಕೈಹಾಕಿದೆ. ವ್ಯಾಪಾರ ಪತ್ರಿಕೆಗಳನ್ನು ಓದಿದೆ. ನೂಲು ರಫ್ತು ಮಾಡುವವರ ಬಳಿ ಕುಳಿತು ಕಾಫಿ ಕುಡಿದೆ. ಬಂದರಿನ ಕಾಗದಪತ್ರ ನೋಡುವ ಗುಮಾಸ್ತರನ್ನು ಕಾಡಿದೆ. ಅಲ್ಲಿ ಕಂಡದ್ದು ಪೂರ್ತಿ ಉಲ್ಟಾ. ಹೊರಗಿನ ರೇಷ್ಮೆ ಬರಬೇಕಾದರೆ ಪರವಾನಗಿ ಬೇಕು, ವಿದೇಶಿ ವಿನಿಮಯದ ಬಿಗಿಯಲ್ಲಿ ಪರವಾನಗಿ ಸಿಗುವುದೇ ಕಷ್ಟ. ಅದಕ್ಕಿಂತ ಹೆಚ್ಚಾಗಿ ಜಪಾನಿನವರೇ ಈಗ ಕೈಯಲ್ಲಿ ನಾಲ್ಕು ಕಾಸು ಕಂಡು ತಮ್ಮ ರೇಷ್ಮೆಯನ್ನು ತಾವೇ ಉಡತೊಡಗಿದ್ದರು. ಹೊರಗೆ ಕಳಿಸುವುದು ಕಡಿಮೆಯಾಗುತ್ತಿತ್ತು.

ಬಂದರಿನಲ್ಲಿ ಜಪಾನ್ ಬಂದಿಲ್ಲ. ನಗರಗೆರೆಗೆ ಬಂದಿದೆ. ಇದಕ್ಕೆ ಏನು ಅರ್ಥ?

ಬುದ್ಧಿವಂತನಿಗೆ ಒಂದೇ ಅರ್ಥ ಹೊಳೆಯಬೇಕು, ನನಗೂ ಹೊಳೆಯಿತು: ಕಳ್ಳಸಾಗಣೆ. ಜಪಾನಿನ ರೇಷ್ಮೆ ಗುಟ್ಟಾಗಿ ನಮ್ಮ ತಾಲ್ಲೂಕುಗಳಿಗೆ ನುಗ್ಗುತ್ತಿದೆ, ಬೆಲೆ ಕುಸಿದು ರೈತರು ಹುಳು ಸಾಕುವುದನ್ನು ಬಿಡುತ್ತಿದ್ದಾರೆ, ಅದಕ್ಕೇ ನಮ್ಮ ಕೇಂದ್ರದಲ್ಲಿ ಸೊನ್ನೆ. ಕೋಷ್ಟಕ ಹಾಕಿದೆ. ನಕ್ಷೆಯಲ್ಲಿ ಗೌರಿಬಿದನೂರಿನ ರೈಲುದಾರಿಯ ಮೇಲೆ ಕೆಂಪು ಬಾಣ ಎಳೆದೆ. ಶಿಡ್ಲಘಟ್ಟದ ಒಲೆಗಳನ್ನು ಆರಿಸುವುದು ಸೂಕ್ತ ಎಂದು ಕೊನೆಯ ಸಾಲು ಬರೆದೆ. ಮುಖ್ಯಾಧಿಕಾರಿ ಓದಿ, ಮೊದಲ ಸಲ ನನ್ನ ಭುಜ ತಟ್ಟಿದರು. "ಬಾಣ ಚೆನ್ನಾಗಿದೆ" ಎಂದರು.

ಮುಚ್ಚುವ ಮುನ್ನ ಒಲೆ, ಬಾಣಲೆಗಳ ಸ್ಥಿತಿ ನೋಡಿ ಬರಲು ನನ್ನನ್ನೇ ಶಿಡ್ಲಘಟ್ಟಕ್ಕೆ ಕಳಿಸಿದರು. ಹೆಂಗಸರಿಗೆ ವಿಷಯ ಗೊತ್ತಿರಲಿಲ್ಲ. ಊಟದ ಹೊತ್ತು. ಸಾಲಿನ ಮೊದಲ ಒಲೆಯಾಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಕುದಿನೀರಿಗೆ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಅವಳ ಪಕ್ಕದ ಹುಡುಗಿ ಬುತ್ತಿ ಬಿಚ್ಚುವಾಗ ಕೈಜಾರಿ ರಾಗಿಮುದ್ದೆ ಸೀದಾ ಬಾಣಲೆಗೆ ಬಿತ್ತು.

"ಅಯ್ಯಯ್ಯೋ, ಮುದ್ದೆ ಜಪಾನಾಯ್ತಲ್ಲೇ!" ಎಂದಳು ದೊಡ್ಡಕ್ಕ. ಸಾಲಿಗೆ ಸಾಲೇ ನಕ್ಕಿತು.

ನಾನು ನಗಲಿಲ್ಲ. "ಏನಾಯ್ತು ಅಂದ್ರಿ?"

"ಜಪಾನಾಯ್ತು ಸಾರ್. ಹೋಯ್ತು. ಎಕ್ಕುಟ್ಟೋಯ್ತು."

"ಜಪಾನ್ ಅಂದ್ರೆ ದೇಶ ಅಲ್ವಾ?"

"ದೇಶಾನೂ ಐತಾ?" ಎಂದಳು ಮುದ್ದೆ ಕಳಕೊಂಡ ಹುಡುಗಿ.

ಅಲ್ಲೇ ನೆಲಕ್ಕೆ ಕುಕ್ಕರಿಸಿ ಕೇಳಿದೆ. ಒಬ್ಬೊಬ್ಬರೂ ಒಂದೊಂದು ಹೇಳಿದರು. ಹುಳಕ್ಕೆ ರೋಗ ಬಿದ್ದರೆ ಜಪಾನ್ ಬಂತು. ಸೊಸೆ ತೌರಿಗೆ ಹೋಗಿ ಕೂತರೆ ಜಪಾನ್ ಬಂತು. ಸೂರು ಬಿದ್ದ ಮನೆ ಜಪಾನಾದ ಮನೆ. ನನ್ನ ಕೆಂಪು ಬಾಣ ಕಣ್ಣ ಮುಂದೆ ಬಂತು. ಒಬ್ಬರ ಹುಳುವಿನ ಸಪ್ಪೆರೋಗ, ಇನ್ನೊಬ್ಬರ ನೀರಿಲ್ಲದ ಬಾವಿ, ಮತ್ತೊಬ್ಬರ ಮನೆಯ ಜಗಳ, ಎಲ್ಲವನ್ನೂ ಒಟ್ಟುಗೂಡಿಸಿ ನಾನು ಸಮುದ್ರದಾಚೆಯ ಒಂದು ದೇಶದ ಮೇಲೆ ಹಾಕಿದ್ದೆ.

"ಹಾಗಾದ್ರೆ ಚಿಂತಾಮಣಿ ರಸ್ತೆಯ ಜಪಾನ್ ಷೆಡ್ಡು?"

ನಗು ನಿಂತಿತು. ಹೆಂಗಸರು ದೊಡ್ಡಕ್ಕನ ಕಡೆ ನೋಡಿ, ಆಮೇಲೆ ತಂತಮ್ಮ ಬುತ್ತಿಯ ಕಡೆ ನೋಡಿಕೊಂಡರು.

"ಅದು ನಮ್ಮದು" ಎಂದಳು ಅವಳು. "ನಮ್ಮಪ್ಪಂದು."

ಹೇಳಿದಳು. ಅವಳು ಲಂಗದ ಹುಡುಗಿಯಾಗಿದ್ದ ಕಾಲ. ಆಗ ನಿಜವಾಗಿಯೂ ಜಪಾನ್ ಬಂದಿತ್ತು. ಅಲ್ಲಿಯ ಅಗ್ಗದ ರೇಷ್ಮೆ ಬಂದು ಇಲ್ಲಿಯ ನೂಲನ್ನು ಕೇಳುವವರಿಲ್ಲದಾಯಿತು. ಆ ಒಂದು ಪೆಟ್ಟಿನ ಹೆಸರು ಆಮೇಲಿನ ಎಲ್ಲ ಪೆಟ್ಟುಗಳಿಗೂ ಉಳಿದುಕೊಂಡಿತು. ಅಪ್ಪ ಬಾಣಲೆಯ ಮುಂದೆ, ಮಗಳು ಚಕ್ರದ ಹಿಂದೆ. "ನಮ್ಮಪ್ಪಂಗೆ ಎಳೆ ಹರಿದೋಗ್ತದೆ ಅಂತ ಯಾವಾಗ್ಲೂ ಭಯ. ಬೇರೆಯೋರು ಚಕ್ರ ತಿರುಗ್ತಿದ್ದಂಗೇ ಹೊಸ ಎಳೆ ಸೇರಿಸ್ತಾರೆ. ಇವ್ನು ಪ್ರತೀ ಸಲಾನೂ ನಿಲ್ಲಿಸೋನು. ಕಡ್ಡಿ ತಗೊಂಡು ಬಾಣಲೆಗೆ ಟಕ್ ಅಂತ ಬಡಿಯೋನು. ನಾನು ನಿಲ್ಲಿಸ್ಬೇಕು. ಸೇರಿಸಾದ್ಮೇಲೆ ತಲೆ ಆಡ್ಸೋನು. ಮತ್ತೆ ತಿರುಗಿಸ್ಬೇಕು. ಒಂದಿನ ನೀರು ಕುದೀತಾ ಇರೋವಾಗ್ಲೇ ಎದ್ದು ಆಚೆ ಹೋದ. ನಾನು ಚಕ್ರ ಹಿಡ್ಕೊಂಡು ಕೂತಿದ್ದೆ. ನೀರೆಲ್ಲ ಇಂಗಿ ಬಾಣಲೆ ಸೀದು ಒಡೀತು. ಅವ್ನು ಬರ್ಲಿಲ್ಲ. ಇವತ್ಗೂ ಬಂದಿಲ್ಲ."

"ಈಗ ಒಳಗೆ ಕೂತು ನೂಲು ತೆಗೀತಾನೆ ಅಂತಾರೆ ಜನ" ಎಂದು ಪಕ್ಕದಾಕೆ ಪಿಸುಗುಟ್ಟಿದಳು.

"ಅನ್ಲಿ ಬಿಡು. ಇದ್ದಾಗ್ಲೇ ಸಂಜೆ ಆದ್ರೆ ಕೆಲ್ಸ ಬಿಟ್ಟು ಬೀಡಿ ಸೇದೋಕೆ ಹೋಗೋನು. ಈಗೇನ್ ಅಷ್ಟೊಂದು ಉಮೇದು?" ಎಂದಳು ದೊಡ್ಡಕ್ಕ. ಆಮೇಲೆ ನನ್ನನ್ನೇ ನೋಡಿ, "ಆ ಷೆಡ್ಗೆ ಯಾರ್ ಸಾರ್ ಗೂಡು ತರ್ತಾರೆ? ಮನೆ ಜಪಾನಾಗ್ಲಿ ಅಂತಲಾ?" ಎಂದಳು.

ನನ್ನ ಕೋಷ್ಟಕದ ಸೊನ್ನೆಗಳು ಗೂಡಿನ ಅಳತೆಯಲ್ಲ, ಭಯದ ಅಳತೆ. ಅದನ್ನು ಎಷ್ಟು ನಿಖರವಾಗಿ ಅಳೆದಿದ್ದೆನೆಂದರೆ, ಅದರ ಆಧಾರದ ಮೇಲೆ ಇವಳ ಒಲೆಯನ್ನು ಆರಿಸಲು ಬರೆದುಕೊಟ್ಟಿದ್ದೆ. ಬಾಯಿ ತಡೆಯದೆ ಸಂಜೆಯ ಸದ್ದಿನ ಮಾತು ಹೇಳಿಬಿಟ್ಟೆ.

ಅವಳು ಬುತ್ತಿ ಪಕ್ಕಕ್ಕಿಟ್ಟಳು. "ಟಕ್ ಅಂದಾಗ ನಿಲ್ತದಾ?"

"ನಿಲ್ಲತ್ತೆ."

"ಟಕ್ ಅನ್ನೋದು ನಮ್ಮಪ್ಪ. ಹಂಗಾದ್ರೆ ಅಲ್ಲಿ ತಿರುಗಿಸ್ತಾ ಇರೋಳು ನಾನು" ಎಂದಳು. ಎದ್ದು ಬಾಣಲೆಯಿಂದ ಮುದ್ದೆಯ ಚೂರುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

ಬೆಂಗಳೂರಿಗೆ ಓಡಿದೆ. ವರದಿಯ ಪ್ರತಿಗಳು ಆಗಲೇ ನಿರ್ದೇಶಕರ ಮನೆ ಸೇರಿದ್ದವು. ಮುಖ್ಯಾಧಿಕಾರಿ ನನ್ನ ಮಾತನ್ನು ಪೂರ್ತಿ ಕೇಳಿದರು, ಅದೇ ದೊಡ್ಡತನ. "ನಾನು ಮಂಡಳಿ ಮುಂದೆ ನಿಂತು ದೆವ್ವ ಅನ್ನಲಾ? ಯಾವ ಶೀರ್ಷಿಕೆ ಕೆಳಗೆ? ಸ್ಥಳೀಯಾನಾ, ಅಂತರರಾಷ್ಟ್ರೀಯಾನಾ?"

ಎರಡೂ ಎಂದು ಹೇಳಬೇಕೆನಿಸಿತು.

ಅವರೇ ಒಂದು ದಾರಿ ಕೊಟ್ಟರು. ನೂಲು ಕೊಳ್ಳುವ ವಿದೇಶಿ ಸಂಸ್ಥೆಯೊಂದು ನಮ್ಮ ಕಡೆಯ ನೂಲನ್ನೂ ಗೂಡಿನ ಪೂರೈಕೆಯನ್ನೂ ಪರೀಕ್ಷಿಸಲು ತಜ್ಞನೊಬ್ಬನನ್ನು ಕಳಿಸುತ್ತಿತ್ತು. ನಿರ್ದೇಶಕರೊಬ್ಬರು ಆತನ ಜೊತೆ ಬರುವವರಿದ್ದರು. "ಅವತ್ತು ನಿಮ್ಮ ಷೆಡ್ಡಲ್ಲಿ ಗೂಡು ಇದ್ರೆ ನಿಮ್ಮ ಮಾತು ನಡೀತು. ಇಲ್ದಿದ್ರೆ ನಿಮ್ಮ ವರದಿ ನಡೀತು."

ರೈಲಿನಲ್ಲಿ ಯೋಚಿಸುತ್ತ ಬಂದೆ. ಕೇಂದ್ರವನ್ನು ಬೇರೆ ಕಡೆಗೆ ಎತ್ತಿಕೊಂಡು ಹೋಗಬಹುದಿತ್ತು. ಆದರೆ ಹಾಗೆ ಹೋದರೆ ಸಂತೆಯಲ್ಲಿ ಏನೆನ್ನುತ್ತಾರೆ ಎಂಬುದು ಈಗ ನನಗೆ ಗೊತ್ತಿತ್ತು: ಕಂಪನಿಗೂ ಜಪಾನ್ ಬಂತು. ಅಂಥ ಕಂಪನಿಗೆ ಯಾರೂ ಗೂಡು ಕೊಡುವುದಿಲ್ಲ, ಎಲ್ಲಿ ತೆರೆದರೂ ಕೊಡುವುದಿಲ್ಲ. ಆ ಷೆಡ್ಡಿನಲ್ಲೇ ಆಗಬೇಕು. ಸದ್ದನ್ನು ನಿಲ್ಲಿಸಲು ನನ್ನಿಂದಾಗದು. ಸದ್ದಿಗೆ ಒಬ್ಬ ಯಜಮಾನಿಯನ್ನು ಕೊಡಬಹುದು: ದೊಡ್ಡಕ್ಕನೇ ಹಗಲಲ್ಲಿ ಅಲ್ಲಿ ಕೂತು ಎಲ್ಲರ ಎದುರು ನೂಲು ತೆಗೆಯಬೇಕು. ಸಣ್ಣ ರೈಲು ಶಿಡ್ಲಘಟ್ಟ ತಲುಪುವಷ್ಟರಲ್ಲಿ ತೀರ್ಮಾನ ಮಾಡಿದ್ದೆ, ಅದನ್ನು ದೊಡ್ಡಕ್ಕನಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಹೇಳಿದಾಗ ಅವಳು ಆಗಲ್ಲ ಎಂದಳು. ಆ ಬಾಗಿಲು ದಾಟಿ ಎಷ್ಟೋ ವರ್ಷವಾಯಿತು ಎಂದಳು. ಆಮೇಲೆ ನಾನು ವರದಿಯ ಕೊನೆಯ ಸಾಲನ್ನು ಹೇಳಿದೆ. ಹೇಳದೆ ಕರೆಯುವುದು ಸರಿಯಲ್ಲ ಅನಿಸಿತು.

"ಈ ಒಲೆ ಎಲ್ಲಾ ಆರಿಸ್ತೀರಾ?"

"ಅಲ್ಲಿ ಗೂಡು ಬಂದ್ರೆ ಇಲ್ಲ."

ಸಾಲಿನುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. "ಬರ್ತೀನಿ. ಆದ್ರೆ ಬಾಣಲೆ ಮುಂದೆ ನಾನು ಕೂರೋದು. ಚಕ್ರದ ಹಿಂದೆ ನೀವು."

"ನಾನಾ?"

"ಇನ್ಯಾರ್ನ ಕೂರಿಸ್ಲಿ? ಇವ್ರ ಮಕ್ಕಳ್ನಾ? ಮತ್ತೆ ಆ ಹಲಗೆ ತೆಗೀರಿ. ಬೆಲೇನ ಬೀದೀಲಿ ಬರ್ದಾಕೋದು ಹೆಣ್ಣು ಕೇಳೋಕೆ ಬಂದೋರ ಮುಂದೆ ವಯಸ್ಸು ಬರ್ದಾಕ್ದಂಗಿರ್ತದೆ."

ಹಲಗೆ ಇಳಿಸಿದೆ. ಹೊಸ ಬಾಣಲೆ ತಂದೆವು, ಒಲೆ ಹಚ್ಚಿದೆವು. ಮೊದಲ ಬೆಳಿಗ್ಗೆ ಅವಳು ಹೊಸ್ತಿಲಲ್ಲಿ ನಿಂತಳು. ಚಕ್ರವನ್ನು ನೋಡಿದಳು. ಸೆರಗು ಬಿಗಿದು ಒಳಗೆ ಬಂದು ಬಾಣಲೆಯ ಮುಂದೆ ಕುಳಿತಳು, ಅಪ್ಪನ ಜಾಗದಲ್ಲಿ. ನಾನು ಅವಳ ಜಾಗದಲ್ಲಿ ಕುಳಿತೆ. ಸವೆದ ಹಿಡಿ ನನ್ನ ಕೈಗೆ ಚಿಕ್ಕದಾಗಿತ್ತು. ಸವೆಸಿದ್ದು ಚಿಕ್ಕ ಕೈ ಎಂಬುದು ಆಗ ಮನಸ್ಸಿಗೆ ಬಂತು.

ಗಿರ್ರ್. ತಿರುಗಿಸುತ್ತಲೇ ಇದ್ದೆ. ಗೂಡೊಂದರ ಎಳೆ ಮುಗಿಯಿತು. ಶಿಡ್ಲಘಟ್ಟದಲ್ಲಾದರೆ ಚಕ್ರ ನಿಲ್ಲಿಸದೆ ಹೊಸ ಎಳೆ ಎಸೆಯುತ್ತಿದ್ದವಳು ಇಲ್ಲಿ ತಿಳಿಯದೆಯೇ ಕಡ್ಡಿ ಎತ್ತಿ ಬಾಣಲೆಯ ಅಂಚಿಗೆ ಬಡಿದಳು. ಟಕ್. ನನ್ನ ಕೈ ನಿಂತಿತು. ನಾನು ನಿಲ್ಲಿಸಿದೆನೋ, ಅದೇ ನಿಂತಿತೋ ಇವತ್ತಿಗೂ ಹೇಳಲಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಳೆ ಸೇರಿಸಿದಳು. ತಲೆಯಾಡಿಸಿದಳು. ಮತ್ತೆ ತಿರುಗಿಸಿದೆ.

ರಸ್ತೆಯಲ್ಲಿ ಗಾಡಿಗಳು ನಿಂತವು. ದೂರದಲ್ಲೇ ನಿಂತವು. ಕೊನೆಗೆ ಹಿಂದೆ ಟವೆಲ್ ಕೊಡವಿ ಹೋಗಿದ್ದ ಅದೇ ಮುದುಕರು ಕೂಗಿದರು.

"ಯಾರಮ್ಮಾ ಒಳ್ಗೆ?"

"ಬದ್ಕಿರೋರೇ ಕಣಪ್ಪ. ಬಾ."

"ಚಕ್ರ ಯಾರ್ ತಿರುಗಿಸ್ತಿರೋದು?"

"ಆಪೀಸರು."

"ಥೂ, ದೆವ್ವಾನೇ ವಾಸಿಯಾಗಿತ್ತು" ಎನ್ನುತ್ತ ಮುದುಕರು ಒಳಗೆ ಬಂದರು. ಅವರ ಹಿಂದೆ ಬುಟ್ಟಿ ಬಂತು. ಬುಟ್ಟಿಯ ಹಿಂದೆ ಬೇರೆಯವರ ಬುಟ್ಟಿಗಳು ಬಂದವು. ಹಗಲೆಲ್ಲ ಚಕ್ರ ತಿರುಗಿಸಿ ನನ್ನ ಅಂಗೈ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಆಮೇಲೆ ಟವೆಲ್ಲಿನ ಕೆಳಗೆ ಯಾರು ಬೆರಳಿಟ್ಟರೂ ನಗು ಬರಲಿಲ್ಲ. ಕಚಗುಳಿ ಅವತ್ತು ಹೋದದ್ದು, ಮತ್ತೆ ಬರಲೇ ಇಲ್ಲ. ತಕ್ಕಡಿಯವನೂ ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲತೊಡಗಿದ. ಅವರಮ್ಮ ಒಪ್ಪಿದಳಂತೆ.

ತಜ್ಞ ಬರುವ ದಿನ ಷೆಡ್ಡು ತುಂಬಿತ್ತು. ಯಾವ ದೇಶದವನು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಷ್ಟರಮಟ್ಟಿಗೆ ಭಾಷೆ ಕಲಿತಿದ್ದೆ. ಕಾರಿನ ಡ್ರೈವರು ಕಲಿತಿರಲಿಲ್ಲ. ಗಾಡಿಗಳ ನಡುವೆ ಸಿಕ್ಕಿಕೊಂಡು ತಲೆ ಹೊರಹಾಕಿ, "ದಾರಿ ಬಿಡ್ರಪ್ಪೋ! ಜಪಾನ್ ಬಂದೈತೆ!" ಎಂದು ಕೂಗಿದ.

ಬುಟ್ಟಿಗಳು ಏಳತೊಡಗಿದವು. ಅಪ್ಪ ಮಗ ಇಬ್ಬರು ಗೂಡನ್ನು ತಕ್ಕಡಿಯಿಂದಲೇ ಎತ್ತಿಕೊಂಡರು. ನಾನು ಚಕ್ರ ನಿಲ್ಲಿಸಿದೆ. ನಿರ್ದೇಶಕರು ಕಾರಿನಿಂದ ಇಳಿಯುತ್ತಿದ್ದರು. ಅವರು ಬಾಗಿಲಿಗೆ ಬರುವಷ್ಟರಲ್ಲಿ ನನ್ನ ವರದಿ ನಿಜವಾಗುವುದಿತ್ತು.

"ಎಲ್ಲಿಗ್ರೋ ಹೊಂಟ್ರಿ?" ಎಂದಳು ದೊಡ್ಡಕ್ಕ, ಕುಳಿತಲ್ಲಿಂದಲೇ. "ಜಪಾನ್ ಬಂದ್ರೆ ಮೊದ್ಲು ಎದ್ದು ಹೋಗ್ಬೇಕಾದೋಳು ನಾನು. ನಾನು ಕೂತಿಲ್ವಾ? ಸಾರ್, ತಿರುಗಿಸಿ."

ತಿರುಗಿಸಿದೆ. ಮುದುಕರು ಬುಟ್ಟಿ ಕೆಳಗಿಟ್ಟರು. ಕೆಲವರು ಹೋದರು, ಬಹಳ ಜನ ನಿಂತರು. ಬಾಗಿಲಲ್ಲಿ ಜಪಾನ್ ಕಾಣಿಸಿತು: ಬಿಸಿಲಿನ ಟೋಪಿ ಕೈಯಲ್ಲಿ ಹಿಡಿದ, ತೆಳ್ಳಗಿನ, ಬೆವೆತ, ನಡುವಯಸ್ಸಿನ ಮನುಷ್ಯ. ಎಲ್ಲರಿಗೂ ಬಗ್ಗಿ ನಮಸ್ಕರಿಸಿದ.

"ಇಷ್ಟೇನಾ?" ಎಂದರು ಯಾರೋ.

ಶಿಡ್ಲಘಟ್ಟದ ಒಲೆಗಳನ್ನು ಆರಿಸಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆತ ಗೂಡು ನೋಡಿದ, ನೂಲನ್ನು ಬೆಳಕಿಗೆ ಹಿಡಿದು ನೋಡಿದ, ಎಳೆ ಇನ್ನಷ್ಟು ಸಮನಾಗಬೇಕು ಎಂದ, ಆದೀತು ಎಂದೂ ಬರೆದುಕೊಟ್ಟ. ನಾನು ಹೊಸ ವರದಿ ಬರೆದೆ, ಬಾಣವಿಲ್ಲದ್ದು. ಕಂಪನಿ ನಡೆಯಿತು. ನನ್ನ ಮನಸ್ಸು ಹೋಗಿ ನಿಲ್ಲುವುದು ಮಾತ್ರ ಆ ಮಧ್ಯಾಹ್ನದ ಇನ್ನೊಂದು ಗಳಿಗೆಯ ಹತ್ತಿರ.

ತಜ್ಞ ಬಾಣಲೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದ. ಟಕ್ ಎಂದಿತು, ನಿಲ್ಲಿಸಿದೆ. ಆತ ತಲೆಯೆತ್ತಿ, ಇಂಗ್ಲಿಷಿನಲ್ಲಿ, ಹೀಗೆ ನಿಲ್ಲಿಸಿ ಸೇರಿಸುವುದನ್ನು ಯಾರು ಕಲಿಸಿದರು ಎಂದು ಕೇಳಿದ. ದೊಡ್ಡಕ್ಕನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ.

"ನಮ್ಮಪ್ಪ ಅನ್ನಿ. ಅವ್ರಪ್ಪ ಏನ್ ಮಾಡ್ತಿದ್ರು, ಕೇಳಿ" ಎಂದಳು ದೊಡ್ಡಕ್ಕ.

ಕೇಳಿದೆ. ಆತ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನಿಧಾನವಾಗಿ ಹೇಳಿದ. ಬೆಟ್ಟದ ಬುಡದ ಊರು. ಅಪ್ಪನದೂ ನೂಲು ಬಿಚ್ಚುವ ಮನೆಯೇ. ದೂರದ ದೇಶದ ಹೆಂಗಸರು ರೇಷ್ಮೆಯ ಕಾಲುಚೀಲ ಬಿಟ್ಟು ನೈಲಾನಿನದು ಹಾಕತೊಡಗಿದರು. ಊರಿನ ಒಲೆಗಳೆಲ್ಲ ಆರಿದವು. ಆಮೇಲೂ ಅಪ್ಪ ದಿನಾ ಹೋಗಿ ಒಣಗಿದ ಬಾಣಲೆಯ ಮುಂದೆ ಕೂರುತ್ತಿದ್ದರು. ಊಟಕ್ಕೆ ಕರೆಯಲು ಮನೆಯವರು ತನ್ನನ್ನು ಕಳಿಸುತ್ತಿದ್ದರು. ಒಂದು ದಿನ ಕರೆಯಲು ಹೋದಾಗ ಅವರು ಅಲ್ಲಿರಲಿಲ್ಲ.

ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸುತ್ತ ಹೋದೆ. ದೊಡ್ಡಕ್ಕ ಕಡ್ಡಿ ಹಿಡಿದ ಕೈಯನ್ನು ಬಾಣಲೆಯ ಮೇಲೆ ಹಾಗೇ ಇಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ಆತನ ಬೆವೆತ ಮುಖವನ್ನು, ಮೊಣಕಾಲ ಮೇಲಿನ ಟೋಪಿಯನ್ನು ನೋಡಿದಳು.

"ಅಯ್ಯೋ ಪಾಪ" ಎಂದಳು. "ಅವ್ರೂರ್ಗೂ ಜಪಾನ್ ಬಂದಿತ್ತಾ?"

ಆತ ನನ್ನ ಕಡೆ ತಿರುಗಿದ. ಏನೆಂದಳು ಎಂದು ಕೇಳಿದ. ಸ್ಥಳೀಯವನ್ನೂ ಅಂತರರಾಷ್ಟ್ರೀಯವನ್ನೂ ಒಂದು ಮಾಡಲು ಕಂಪನಿ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ನಾನು ಸ್ವಲ್ಪ ಹೊತ್ತು ಪದ ಹುಡುಕಿದೆ. ಆಮೇಲೆ ಅವಳು ಅಂದದ್ದನ್ನು ಅಂದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ನಗಬಹುದು, ಇಲ್ಲವೇ ಮುಖ ಸಿಂಡರಿಸಬಹುದು ಎಂದುಕೊಂಡೆ.

ಆತ ನಗಲಿಲ್ಲ. ದೊಡ್ಡಕ್ಕನನ್ನೇ ನೋಡುತ್ತ, ಹೌದೆಂದು ತಲೆಯಾಡಿಸಿದ.

ತಲೆಯಾಡಿದ್ದು ಕಂಡು ನನ್ನ ಕೈ ತಾನಾಗಿ ಚಕ್ರ ತಿರುಗಿಸಿತು.